ಎಡಗಡೆಯ ಅಚ್ಚು

ಒಂದು ಕಾಲಕ್ಕೆ ಇಲ್ಲಿ ಉಣ್ಣೆ ನೇಯುತ್ತಿದ್ದರು.
ಬಾರ್ಸಿಲೋನಾದಿಂದ ಅರ್ಧ ಗಂಟೆ ರೈಲು, ತೆರಾಸ್ಸ;
ಗಿರಣಿಯ ಕೆಂಪು ಇಟ್ಟಿಗೆ ಗೋಡೆ
ಈಗಲೂ ಸೆಖೆಯ ದಿನ ಕುರಿಯ ವಾಸನೆ ಬಿಡುತ್ತದೆ.
ಮಗ್ಗಗಳಿದ್ದ ಕಡೆ ಕ್ಯಾಮೆರಾ, ಗದ್ದ ಊರಲು ಒಂದು ಪಟ್ಟಿ,
ಓರೆಯಾಗಿ ಬೀಳುವ ದೀಪ, ಮತ್ತು ನಾನು.

ಹಣೆಬರಹ ಅಳಿಸುವ ಕೆಲಸ ನನ್ನದಲ್ಲ.
ಅಳೆಯುವುದಷ್ಟೇ.

ಬಂದವರನ್ನು ಮೊದಲು ತಣ್ಣನೆ ಕೋಣೆಯಲ್ಲಿ ಕೂರಿಸುತ್ತೇನೆ,
ಇಪ್ಪತ್ತು ನಿಮಿಷ, ಇಪ್ಪತ್ತೊಂದು ಡಿಗ್ರಿ.
ನಗಬೇಡಿ, ಸಿಡುಕಬೇಡಿ, ಯಾರನ್ನೂ ನೆನೆಯಬೇಡಿ.
ಕೊನೆಯದು ನಿಯಮಾವಳಿಯಲ್ಲಿಲ್ಲ, ನಾನೇ ಸೇರಿಸಿದ್ದು.
ಆಮೇಲೆ ಎರಡು ಹುಬ್ಬಿನ ಮೇಲೂ ನೀಲಿ ಸಿಲಿಕೋನ್ ಹಿಟ್ಟು.
ಐದು ನಿಮಿಷಕ್ಕೆ ಗಟ್ಟಿ. ಸುಲಿದರೆ
ಬೆರಳಗಲದ ಅಚ್ಚು: ಕಣಿವೆಗಳೆಲ್ಲ ದಿಣ್ಣೆಯಾಗಿ,
ಮುಖವನ್ನು ಒಳಗಿನಿಂದ ನೋಡಿದ ಹಾಗೆ.

ಮುಲಾಮೇ? ಆರು ಅಮೈನೋ ಆಮ್ಲಗಳ ಗಿಡ್ಡ ಸರ.
ನರ ಸ್ನಾಯುವಿಗೆ ಹೇಳುತ್ತದಲ್ಲ, ಮಡಿಚು ಅಂತ,
ಆ ಮಾತು ದಾಟುವ ಬಾಗಿಲಲ್ಲಿ
ಬಾಗಿಲಿನದೇ ಚೂರಿನಂತೆ ವೇಷ ಹಾಕಿ ನಿಲ್ಲುತ್ತದೆ;
ಹತ್ತರಲ್ಲಿ ಒಂದೆರಡು ಮಾತು ಒಳಗೇ ಉಳಿಯುತ್ತವೆ.
ಸೂಜಿಯ ಹಾಗೆ ಬಾಯಿ ಕಟ್ಟುವುದಿಲ್ಲ.
ಅದೂ ಚರ್ಮ ಒಳಗೆ ಬಿಟ್ಟುಕೊಂಡರೆ.
ಆ ‘ರೆ’ಯ ಮೇಲೆ ನಮ್ಮೆಲ್ಲರ ಸಂಬಳ ನಿಂತಿದೆ.

ರೆಮೆಯ್ ಬಂದಳು, ಐವತ್ತೊಂದು ವರ್ಷ.
ಆ ಹೆಸರಿಗೆ ನಮ್ಮಲ್ಲಿ ಮದ್ದು ಅಂತಲೇ ಅರ್ಥ.
ಸನ್ನೆಭಾಷೆಯ ದುಭಾಷಿ; ಕೋರ್ಟು, ಆಸ್ಪತ್ರೆ, ಶಾಲೆ.
ಅವಳ ಹಣೆ ಕಂಡು ಯಂತ್ರ ಎರಡು ಸಲ ತಪ್ಪು ತಪ್ಪು ಎಂದಿತು.

‘ಇದು ವಯಸ್ಸಲ್ಲ,’ ಅಂದಳು. ‘ವ್ಯಾಕರಣ.
ಹೌದೋ ಅಲ್ಲವೋ ಕೇಳಬೇಕಾದರೆ ಹುಬ್ಬು ಮೇಲೆ.
ಯಾರು, ಎಲ್ಲಿ, ಯಾಕೆ ಅಂದರೆ ಹುಬ್ಬು ಗಂಟು.
ಕೈ ಬರೀ ಪದ ಹೇಳುತ್ತೆ,
ಪ್ರಶ್ನೆಯ ಕೊಕ್ಕೆ ತೂಗುಹಾಕಲು ಇರುವುದು ಹಣೆಯೊಂದೇ.
ಬೇರೆಯವರ ಪ್ರಶ್ನೆಗಳನ್ನು ಮೂವತ್ತು ವರ್ಷ
ನನ್ನ ಮುಖದಲ್ಲಿ ಕೇಳಿದ್ದೇನೆ:
ಜಾಮೀನು ಸಿಗುತ್ತಾ, ಗಡ್ಡೆ ಎಷ್ಟು ದೊಡ್ಡದು, ಮಗು ಅತ್ತಿತಾ.’

‘ಮತ್ತೆ ಇಲ್ಲಿಗೆ ಯಾಕೆ?’
ಹುಬ್ಬು ಗಂಟಿಕ್ಕದೆ ಕೇಳಿದೆ.

‘ಸುಮ್ಮನೆ ಕೂತಾಗಲೂ ಜನ ಕೇಳ್ತಾರೆ,
ಯಾರ ಮೇಲೆ ಕೋಪ ಅಂತ.’

ಅರ್ಧ ಮುಖಕ್ಕೆ ಪೆಪ್ಟೈಡ್, ಅರ್ಧಕ್ಕೆ ಬರಿಯ ಕೆನೆ,
ಯಾವ ಕಡೆ ಯಾವುದೆಂದು ಅವಳಿಗೂ ಗೊತ್ತಿಲ್ಲ, ನನಗೂ.
ಹನ್ನೆರಡು ವಾರ. ಬೆಳಿಗ್ಗೆ ಸಂಜೆ ಗುಲಗಂಜಿಯಷ್ಟು.

ಕೊನೆಯ ದಿನ ತಾಯಿಯನ್ನು ಕರೆತಂದಳು, ಎಂಗ್ರಾಸಿಯಾ.
ಹುಟ್ಟಿನಿಂದ ಕಿವಿ ಕೇಳದು.
ಇದೇ ಗಿರಣಿಯಲ್ಲಿ, ಇದೇ ಕಿಟಕಿಯ ಕೆಳಗೆ
ನೇಯ್ದ ಬಟ್ಟೆಯ ಗಂಟು ಹುಡುಕಿ ಬಿಡಿಸುತ್ತಿದ್ದಳಂತೆ
ಹತ್ತೊಂಬತ್ತು ವರ್ಷ;
ಮಗ್ಗದ ಸದ್ದು ಅಂಗಾಲಿಗೆ ಕೇಳಿಸುತ್ತಿತ್ತಂತೆ.

ತಟ್ಟೆಯಲ್ಲಿದ್ದ ಎರಡು ಅಚ್ಚು ಕಂಡವಳೇ
ಕೇಳದೆ ಎತ್ತಿಕೊಂಡಳು. ಕಣ್ಣು ಮುಚ್ಚಿದಳು.
ಉಗುರಿನ ತುದಿ ದಿಣ್ಣೆಗಳ ಮೇಲೆ
ಅಡ್ಡ, ಮತ್ತೆ ಉದ್ದ.
ಎಡಗಡೆಯದನ್ನು ಮೇಜಿನ ಮೇಲೆ ಬೇರೆ ಇಟ್ಟು
ಏನೋ ಸನ್ನೆ ಮಾಡಿದಳು. ಮಗಳು ನಕ್ಕು ದನಿ ಕೊಟ್ಟಳು:
‘ಇದರಲ್ಲಿ ಹೊಕ್ಕು ಸಡಿಲ.’

ವಾರದ ಮೇಲೆ ಲಕೋಟೆ ಒಡೆದರೆ, ಎಡಗಡೆಯೇ.
ಯಂತ್ರದ ಲೆಕ್ಕಕ್ಕೆ ಹನ್ನೊಂದು ಮೈಕ್ರಾನ್,
ಕೂದಲೆಳೆಯನ್ನು ಏಳು ಸೀಳಿದರೆ ಒಂದು ಸೀಳು.
ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಯಾಗುತ್ತದೆ ಅನ್ನಿ,
ನಾನೂ ಹಾಗೇ ಬರೆಯಬೇಕೆಂದಿದ್ದೆ;
ಉಗುರಿಗೆ ನಮ್ಮ ನಮೂನೆಯಲ್ಲಿ ಕಾಲಂ ಇಲ್ಲ.

ಅಂದು ಉಳಿದ ಎರಡೂ ಡಬ್ಬಿಗಳನ್ನು
ರೆಮೆಯ್ ಕೈಚೀಲಕ್ಕೆ ಹಾಕಿಕೊಂಡಳು.
ನಿಯಮ ಒಪ್ಪುವುದಿಲ್ಲ. ನಾನು ಕಿಟಕಿಯ ಕಡೆ ನೋಡಿದೆ.

ಹೊರಡುವಾಗ ಮುದುಕಿ ಬಾಗಿಲಲ್ಲಿ ತಿರುಗಿದಳು.
ಕೈ ಎತ್ತಲಿಲ್ಲ. ಎರಡೂ ಹುಬ್ಬು ಮೇಲಕ್ಕೆ.
ಮಗಳು ಆಗಲೇ ಮೆಟ್ಟಿಲಿಳಿದಿದ್ದಳು, ಅರ್ಥ ಹೇಳುವವರಿಲ್ಲ.
ಹೌದೋ ಅಲ್ಲವೋ ಎಂಬ ಜಾತಿಯ ಪ್ರಶ್ನೆ,
ಅಷ್ಟು ತಿಳಿಯಿತು.
ಕೇಳಿದ್ದು ಏನನ್ನೋ ತಿಳಿಯಲಿಲ್ಲ.
ಹೌದು ಎಂದು ತಲೆಯಾಡಿಸಿದೆ.