ನೂರ ಮೂವತ್ತನಾಲ್ಕು

ವಿದ್ಯಾನಗರದ ಲ್ಯಾಬಿನಲ್ಲಿ ರಾತ್ರಿ ಒಂಬತ್ತೂವರೆ.
ಹದಿನಾರು ಕೋರಿನ ಯಂತ್ರ, ಎಲ್ಲಕ್ಕೂ ಮೆಮೊರಿ ಒಂದೇ.
ಒಬ್ಬನೇ ದುಡಿದಾಗ ಆರುನೂರ ನಲವತ್ತು ಸೆಕೆಂಡು,
ಇಬ್ಬರಿಗೆ ಮುನ್ನೂರ ಮೂವತ್ತು,
ನಾಲ್ವರಿಗೆ ನೂರ ಎಂಬತ್ತು, ಎಂಟು ಜನಕ್ಕೆ ನೂರ ಇಪ್ಪತ್ತೊಂದು.
ಹದಿನಾರಕ್ಕೆ?
ನೂರ ಮೂವತ್ತನಾಲ್ಕು.
ಮೂರು ಸಲ ಓಡಿಸಿದೆ. ಬೇರೆಲ್ಲ ಮುಚ್ಚಿ ಓಡಿಸಿದೆ.
ಅದೇ. ಒಂದು ಆಚೆ, ಒಂದು ಈಚೆ.

ಗ್ರಾಫಿನ ಗೆರೆ
ಬಾತಿ ಗುಡ್ಡ ಹತ್ತುವವರ ಹಾಗೆ ಹುರುಪಿನಲ್ಲಿ ಹತ್ತಿ
ಮೇಲೆ ಹೋಗಿ ಕುಂತುಬಿಟ್ಟಿದೆ.
ಕೊಟ್ರಬಸಪ್ಪ ಸರ್ ಕೆಂಪು ಇಂಕಿನಲ್ಲಿ ಬರೆದದ್ದು ಒಂದೇ ಪದ:
ಯಾಕೆ?

ಮೀಟರಿನಲ್ಲೇನೋ ಎಲ್ಲರೂ ನೂರಕ್ಕೆ ನೂರು,
ಹದಿನಾರೂ ಹಸಿರು ಪಟ್ಟಿ ತುಂಬಿ ನಿಂತಿವೆ.
ಒಳಗಿಳಿದು ನೋಡಿದೆ.
ಆ ಗಳಿಗೆಗೆ ದುಡಿಯುತ್ತಿದ್ದವನು ಒಬ್ಬ.
ಉಳಿದವರು ಬೀಗದ ಮುಂದೆ ನಿಂತು
ಬಿಡ್ತಾ? ಬಿಡ್ತಾ? ಬಿಡ್ತಾ?
ಸೆಕೆಂಡಿಗೆ ಕೋಟಿ ಸಲ ಕೇಳುತ್ತಿದ್ದರು.
ಕೇಳುವುದನ್ನೂ ಕೆಲಸವೆಂದೇ
ಮೀಟರು ಹಾಜರಿ ಹಾಕಿಕೊಂಡಿತ್ತು.

ಅಬ್ಬಾನ ಮಂಡಕ್ಕಿ ಭಟ್ಟಿಯಲ್ಲಿ ಹನ್ನೊಂದು ಒಲೆ, ತಕ್ಕಡಿ ಒಂದು.
ಮಾಲೀಕರು ಇನ್ನೆರಡು ಒಲೆ ಹಚ್ಚಿಸಿದ ವರ್ಷ
ಚೀಲ ಹೊತ್ತವರ ಸಾಲು ಬೀದಿಗೆ ಬಂತು, ಅಷ್ಟೇ.
ಕೂಲಿ ಚೀಲದ ಲೆಕ್ಕ.
ನಿಂತ ಹೊತ್ತಿಗೆ ಯಾವ ಹಾಜರಿಯೂ ಇರಲಿಲ್ಲ.

ಬೀಗದ ಹಿಂದೊಂದು ಮುಂದೊಂದು ಗಡಿಯಾರ ಇಟ್ಟೆ.
ಅಳೆದದ್ದನ್ನು ಅವೂ ಅದೇ ಮೆಮೊರಿಗೇ ಬರೆಯಬೇಕಲ್ಲ,
ಸಾಲಿನಲ್ಲಿ ತಾವೂ ನಿಂತವು: ನೂರ ನಲವತ್ತಾರು!
ಒಬ್ಬಳೇ ನಕ್ಕೆ. ವಾಚ್‌ಮನ್ ಇಣುಕಿ ಹೋದ.
ಆಮೇಲೆ ಒಬ್ಬೊಬ್ಬರಿಗೂ ದೂರ ದೂರದ ಮೂಲೆಯಲ್ಲಿ
ಅವರವರದೇ ಚೀಟಿ ಕೊಟ್ಟು
ಕೆಲಸ ಮುಗಿದ ಮೇಲೆ ಕೂಡಿಸಿದೆ.
ಪ್ರತಿ ನೂರರಲ್ಲಿ ಅರವತ್ತೆಂಟು
ಬರೀ ಕಾಯುವುದು.

ಮನೆಯಲ್ಲಿ ಅಬ್ಬಾ ಹಳೇ ರೇಡಿಯೊ ಬಿಚ್ಚಿಕೊಂಡು ಕೂತಿದ್ದರು.
"ತಕ್ಕಡಿ ಮುಂದ ದಿನಾ ಎಷ್ಟೊತ್ತು ನಿಲ್ತಿದ್ರಿ?"
"ಯಾರ್ ಎಣಿಸ್ಯಾರ, ಜಬೀನಾ."
ಚಾಪೆ ಮೇಲೆ ಕೈಯಾಡಿಸಿ ಸ್ಕ್ರೂ ಹುಡುಕಿದರು.
ಸಿಕ್ಕ ಮೇಲೆ, ಯಾರಿಗೋ ಹೇಳುವ ಹಾಗೆ:
"ಒಂದ್ ಬೀಡಿ, ಎರಡ್ ಬೀಡಿ.
ದೀಪಾವಳಿ ಸೀಜನ್ನಿಗೆ ನಾಕು."

ವರದಿಯ ಕೋಷ್ಟಕದಲ್ಲಿ ಹೊಸ ಕಾಲಂ ಎಳೆದೆ.
ಸ್ಕೇಲು ಜಾರಿ ಗೆರೆ ತುಸು ಸೊಟ್ಟ.
ಮೇಲೆ ಬರೆದೆ, ಕಾದ ಹೊತ್ತು.
ಅದರ ಕೆಳಗೆ, ಯಾವ ಅಳತೆಯಲ್ಲಿ ಎಂದು ಬರೆಯುವ ಜಾಗದಲ್ಲಿ
ಪೆನ್ನು ಸ್ವಲ್ಪ ನಿಂತಿತು.