ಇಲ್ಲೇ ಇದ್ದೇನೆ

ಹೇಗಿದ್ದೀ ಅಂದರೆ ನಮ್ಮ ವೊಲೊಫ್ ಮಾತಿನಲ್ಲಿ
ಚೆನ್ನಾಗಿದ್ದೇನೆ ಅನ್ನುವುದಿಲ್ಲ.
ಇಲ್ಲೇ ಇದ್ದೇನೆ, ಅಷ್ಟೇ,
ಅನ್ನುತ್ತೇವೆ.
ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಅದೇ ಉತ್ತರ.
ನಲವತ್ತಾರು ವರ್ಷ ಯೋಚಿಸದೆ ಅಂದುಕೊಂಡು ಬಂದೆ.

ಗೇತ್ ಎನ್ದಾರ್‌ನಲ್ಲಿ ನಮಗೆ ನಾಲ್ಕು ಕೋಣೆ.
ಆಚೆ ಕಡಲು, ಈಚೆ ನದಿ,
ನಡುವೆ ಒಂದು ಪಟ್ಟಿ ಮರಳು, ಅದರ ಮೇಲೆ ನಾವು,
ಇಲ್ಲಿ ಕೆಮ್ಮಿದರೆ ಪಕ್ಕದ ಮನೆಯಿಂದ
ನೀರಿನ ಲೋಟ ಬರುವಷ್ಟು ಒತ್ತೊತ್ತಾಗಿ.

ಮೊದಲು ಹೋದದ್ದು ಅತ್ತೆ ನಮಾಜು ಮಾಡುತ್ತಿದ್ದ ಕೋಣೆ.
ಹೋಗಲಿ ಬಿಡು, ಅಂದರು ಅತ್ತೆ,
ಕೊಟ್ಟವನೇ ಕೇಳಿದ.
ಎರಡನೆಯದು ಹಾಡಹಗಲೇ ಹೋಯಿತು,
ಒಲೆ ಮೇಲಿನ ಅನ್ನದ ಸಮೇತ.
ಮೂರನೆಯದರ ಗೋಡೆ ಅರ್ಧ ಉಳಿದಿತ್ತು.
ಅದಕ್ಕೇ ಒರಗಿ ಬಿರಾಮ್ ಬಲೆ ಹೆಣೆಯುತ್ತಿದ್ದ,
ಇನ್ನರ್ಧ ಎಲ್ಲಿ ಅಂತ ಯಾರೂ ಕೇಳಬಾರದು ಅನ್ನುವ ಹಾಗೆ
ತಲೆ ತಗ್ಗಿಸಿ.
ನಾಲ್ಕನೆಯದರಲ್ಲಿ ಹನ್ನೊಂದು ಜನ ಮಲಗಿದೆವು,
ಹಬ್ಬಕ್ಕೆ ಸಾಕಿದ ಕುರಿ ಬೇರೆ.

ಕಡಲನ್ನು ನಾನು ಬೈಯಲಿಲ್ಲ.
ನನ್ನ ಬುಟ್ಟಿ ತುಂಬಿಸಿದ ಕೈ ಅದು.
ದೂರದ ಊರುಗಳ ಹೊಗೆಯ ಸಾಲವನ್ನು
ನಮ್ಮ ಗೋಡೆಗಳಿಂದ ವಸೂಲಿ ಮಾಡುತ್ತಿದ್ದಾರೆ
ಅನ್ನುತ್ತಾನೆ ಮಗ ಮಾದಿಕೆ, ಓದಿದವನು.
ಇರಬಹುದು.
ಮೀನು ಒಣಗಿಸುವ ನನ್ನ ಒಲೆಯ ಹೊಗೆಯನ್ನೂ
ಅವರು ಲೆಕ್ಕಕ್ಕೆ ಹಿಡಿದರೋ ಏನೋ.

ಈಗ ಜುಗೋಪ್. ಬರೀ ಬಯಲು.
ಒಂದೇ ಅಳತೆಯ ಮನೆಗಳು, ಬಾಗಿಲಿಗೊಂದು ನಂಬರು.
ಗೋಡೆಗೆ ನೀಲಿ ಬಳಿದಿದ್ದಾರೆ:
ಯಾರೋ ಕರುಣಾಳು ಎಂಜಿನಿಯರಿಗೆ
ಇವರಿಗೆ ಕಡಲು ನೆನಪಾಗದಿರಲಿ ಅನ್ನಿಸಿತೋ,
ನೆನಪಾಗಲಿ ಅನ್ನಿಸಿತೋ.
ಮಧ್ಯಾಹ್ನ ಬಿಸಿಗಾಳಿ ಎದ್ದರೆ
ಅನ್ನದಲ್ಲಿ ಮಣ್ಣು.
ಮರಳಲ್ಲ, ಮಣ್ಣು. ಹಲ್ಲಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ನಮಗೆ ನಂಬರು ಕೊಟ್ಟರು, ದೋಣಿಗೆ ಕೊಡಲಿಲ್ಲ.
ಅದಿನ್ನೂ ಅಲ್ಲೇ ನದಿ ದಡದಲ್ಲಿದೆ,
ಮೈಮೇಲೆ ಬಿರಾಮನ ತಾಯಿಯ ಹೆಸರು ಹೊತ್ತುಕೊಂಡು.
ಮೂರು ಗಂಟೆ ರಾತ್ರಿಗೆ ಎದ್ದು ಅವನು ಬಸ್ಸು ಹಿಡಿಯುತ್ತಾನೆ,
ಕಡಲಿಗೆ ಹೋಗಲು ಟಿಕೆಟ್ಟು ಕೊಳ್ಳುತ್ತಾನೆ.
ಬರುವಾಗ ಮೀನಿನ ಬುಟ್ಟಿಗೆ ಜಾಗವಿಲ್ಲ,
ವಾಸನೆಯಂತೆ.
ಹಾಗಾಗಿ ಅಲ್ಲೇ ಸಿಕ್ಕಷ್ಟಕ್ಕೆ ಮಾರಿ ಬರುತ್ತಾನೆ.
ನನ್ನ ಕೈಗೆ ಉಪ್ಪಿನ ಕೆಲಸ ತಪ್ಪಿ ಎರಡು ವರ್ಷ.
ಬೆರಳಿನ ಗಾಯಗಳೆಲ್ಲ ವಾಸಿಯಾಗಿಬಿಟ್ಟಿವೆ.

ರಾತ್ರಿ ಕಷ್ಟ.
ಮೊಮ್ಮಗಳು ಸೋಖ್ನಾ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ,
ಅಜ್ಜೀ, ಯಾಕೆ ಏನೂ ಕೇಳಿಸುತ್ತಿಲ್ಲ?
ಬಿರಾಮನೇ ಉಪಾಯ ಕಂಡುಹಿಡಿದ:
ರೇಡಿಯೊದ ಮುಳ್ಳನ್ನು
ಎರಡು ಸ್ಟೇಷನ್ನುಗಳ ನಡುವೆ, ಯಾರೂ ಮಾತಾಡದ ಕಡೆ,
ನಿಲ್ಲಿಸಿಬಿಡುತ್ತಾನೆ.
ಶ್‌ಶ್... ಶ್‌ಶ್... ಅಂತ ಅದು.
ಹುಡುಗಿ ನಿದ್ದೆ ಹೋಗುತ್ತಾಳೆ. ಆಮೇಲೆ ಅವನೂ.
ತಿಂಗಳ ಖರ್ಚಿನಲ್ಲಿ ಈಗ ಸೆಲ್ಲಿಗೂ ಒಂದು ಸಾಲು.

ನಿನ್ನೆ ಹೊತ್ತಲ್ಲದ ಹೊತ್ತಿನಲ್ಲಿ ಪೆಂದಾಳ ಫೋನು.
ಹಳೇ ಬೀದಿಯನ್ನು ಬಿಡಲೊಲ್ಲದ ನನ್ನ ಚಿಕ್ಕಮ್ಮನ ಮಗಳು.
ಈಗವಳು ತಂಗಿಯ ಮನೆಯಲ್ಲಿದ್ದಾಳೆ, ನದಿಯ ಕಡೆಗೆ.
ಹೇಗಿದ್ದೀ, ಅಂದಳು.
ಬಾಯಿ ತೆರೆದೆ.
ಮಲಗಿದವರನ್ನು ನೋಡಿದೆ, ನೀಲಿ ಗೋಡೆ ನೋಡಿದೆ.
ಇಲ್ಲೇ... ಅಂದೆ,
ಮುಂದಿನ ಪದ ಬರಲಿಲ್ಲ.

ಆಚೆಯಿಂದ ಪೆಂದಾ ನಕ್ಕಳು:
ಕಳ್ಳಿ! ಅಲೆ ಕೇಳಿಸ್ತಾ ಇದೆ ಕಣೇ,
ಯಾವಾಗ ಬಂದೆ?