ಇಪ್ಪತ್ತೆಂಟನೆಯ ದಿನ

ಡ್ರಿಫೀಲ್ಡಿನ ಆಚೆ, ಬಾರ್ಲಿ ಕೊಯ್ದ ಬಯಲಿನಂಚಿಗೆ
ಎನಿಡ್ ಗಾರ್ಬಟ್‌ಳ ಹಂದಿಕೊಟ್ಟಿಗೆ.
ವಾರಕ್ಕೊಂದು ರಾತ್ರಿ ನಾನೂ ಹೋಗುತ್ತೇನೆ,
ಲ್ಯಾಬಿನಲ್ಲಿ ಸತ್ತವನ್ನಷ್ಟೇ ಕಂಡು ಸಾಕಾಗಿ.

ಎರಡೂವರೆಗೆ ಹದಿಮೂರನೆಯದು ಜಾರಿಬಿತ್ತು.
ಅಂಗೈಯಷ್ಟು. ಒದ್ದೆ.
ಬಿದ್ದು, ಎದ್ದು, ಮೊಲೆ ಹುಡುಕಿತು.
"ಬೇಗ, ಬೇಗ" ಅನ್ನುತ್ತಾಳೆ ಎನಿಡ್, ನನಗಲ್ಲ, ಮರಿಗೆ,
"ಬಾಗಿಲು ಮುಚ್ಚಿಬಿಡುತ್ತೆ."

ಮೊದಲ ಸಲ ಹೀಗಂದಾಗ
ಕೊಟ್ಟಿಗೆಯ ಬಾಗಿಲೆಂದುಕೊಂಡು
ಓಡಿಹೋಗಿ ಚಿಲಕ ತೆಗೆದಿಟ್ಟಿದ್ದೆ.
ಗಾಳಿ ನುಗ್ಗಿತು, ಅವಳು ಬೈದಳು.

ಬಾಗಿಲಿರುವುದು ಕರುಳಿಗೆ.
ಒಂದು ಹಗಲು, ಒಂದು ರಾತ್ರಿ ತೆರೆದಿರುತ್ತದೆ;
ತಾಯಿ ಗೆದ್ದ ರೋಗಗಳ ನೆನಪು
ಗಿಣ್ಣುಹಾಲಿನಲ್ಲಿ ಅರೆಯದೆ, ಒಡೆಯದೆ
ಇಡಿಯಾಗಿ ನೆತ್ತರಿಗೆ ಇಳಿಯುತ್ತದೆ.
ಮುಚ್ಚಿತೆಂದರೆ ಮುಚ್ಚಿತು.
ಆಮೇಲೆ ಬಂದದ್ದನ್ನೆಲ್ಲ ಮುರಿದೇ ಉಣ್ಣಬೇಕು.

ಸೋಮವಾರ ನನಗೆ ಪೆಟ್ಟಿಗೆ ಬರುತ್ತದೆ.
ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ,
ಮಸೂರದಡಿ ಇಟ್ಟು ನೋಡುತ್ತೇನೆ:
ಹಾಲು ಕುಡಿದ ಕರುಳೊಳಗೆ ಎಳೆಎಳೆ ಬೆರಳು,
ಇನ್ನೂ ಒಗೆಯದ ಹೊಸ ಟವೆಲ್ಲಿನ ಹಾಗೆ.
ಹಾಲು ಬಿಡಿಸಿದ ಮೂರನೆಯ ದಿನದ್ದು ಬೇರೆ.
ಕುರಿಮಂದೆ ಹಾಯ್ದ ಹುಲ್ಲು,
ಬುಡದ ಕುಳಿ ಮಾತ್ರ ಆಳ.

ಇಪ್ಪತ್ತೆಂಟನೆಯ ದಿನ ತಾಯಿಯನ್ನು ಆಚೆ ಅಟ್ಟುತ್ತಾರೆ.
ತೊಟ್ಟಿಯಲ್ಲಿ ಗೋಧಿ, ಬಾರ್ಲಿ, ಸೋಯಾ.
ಹೊಟ್ಟೆಗೆ ಹುಳಿ ಇನ್ನೂ ಸಾಲದು,
ಹಿಟ್ಟು ಕರಗಿಸುವ ರಸ ಈಗಷ್ಟೇ ಊರುತ್ತಿದೆ,
ಹಾಲಿಗೆಂದು ಕಾದಿದ್ದ ರಸಕ್ಕೆ ಕೆಲಸ ತಪ್ಪಿದೆ.
ಮರಿಗಳು ತೊಟ್ಟಿ ಮೂಸಿ ಹಿಂದೆ ಸರಿಯುತ್ತವೆ.
ಒಂದರ ಹೊಟ್ಟೆಯನ್ನು ಇನ್ನೊಂದು ತಿವಿಯುತ್ತದೆ,
ಅಲ್ಲಿ ಮೊಲೆಯಿದ್ದೀತೆಂದು.

ನಮ್ಮ ಮಾತಿನಲ್ಲಿ ಕರುಳೆಂದರೆ ಬರೀ ಕೊಳವೆಯಲ್ಲ
ಎಂದು ಹೇಳಹೋದೆ ಒಮ್ಮೆ:
ಹೆತ್ತವಳದೂ ಕರುಳು, ಹುಟ್ಟಿದ್ದು ಅದರ ಕುಡಿ,
ಯಾರದೋ ಸಂಕಟ ಕಂಡು ಚುರ್ ಎನ್ನುವುದೂ ಅದೇ.
ಎನಿಡ್ ಬಕೆಟ್ ತೊಳೆಯುತ್ತಿದ್ದಳು.
"ಸರಿ, ಅದು ಗಟ್ಟಿಯಾಗಲು ನಿಮ್ಮಲ್ಲಿ ಎಷ್ಟು ದಿನ?"
ನನಗೆ ಗೊತ್ತಿರಲಿಲ್ಲ.

ಇಲ್ಲಿ ಲೆಕ್ಕವುಂಟು.
ಮೊದಲ ವಾರ ಬಿಸಿನೀರಲ್ಲಿ ಕಲಸಿದ ಗಂಜಿ,
ಬೆರಳಿಗೆ ಹಚ್ಚಿ ನೆಕ್ಕಿಸುತ್ತಾಳೆ, ಒಂದೊಂದಕ್ಕೂ,
ಮೊಣಕಾಲು ನೋಯುತ್ತಿದ್ದರೂ ಬಗ್ಗಿ.
ಹನ್ನೊಂದನೆಯ ದಿನ ಫೋನು ಮಾಡಿದಳು.
ಹದಿಮೂರನೆಯದರ ಹಿಕ್ಕೆ ಗಟ್ಟಿಯಾಗಿದೆಯಂತೆ,
ತೊಟ್ಟಿಯೊಳಗೇ ಕಾಲಿಟ್ಟು ತಿನ್ನುತ್ತಿದೆಯಂತೆ.
ಅಷ್ಟು ಹೇಳಿ ಇಟ್ಟಳು.

ಗಾಜಿನ ಮೇಲೆ ಇನ್ಯಾರದೋ ಕರುಳಿತ್ತು.
ದೀಪ ಆರಿಸಿ ಊಟಕ್ಕೆ ಎದ್ದೆ.